ಮೇಜಿನ ಮೇಲಿನ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್: ಮೂರು ದಿನಗಳಲ್ಲಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿರುವ ನಿವೃತ್ತ ಉಪನ್ಯಾಸಕ. ಮನೆಯವರೆಲ್ಲ ಮಲಗಿದ ಮೇಲೆ ಒಂದೆರಡು ಗಂಟೆ ಸಂಗೀತ ಕೇಳುವುದು ನನ್ನ ರೂಢಿ. ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನನ್ನು ಲ್ಯಾಪ್‌ಟಾಪ್‌ಗೆ ನೇರವಾಗಿ ಜೋಡಿಸಿಕೊಂಡಿದ್ದೇನೆ. ಈಚಿನ ಧ್ವನಿಮುದ್ರಣಗಳು ಚೆನ್ನಾಗಿಯೇ ಕೇಳಿಸುತ್ತವೆ. ಆದರೆ ಹಳೆಯ ಟೇಪುಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಬೈಠಕ್‌ಗಳಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದರೂ ದನಿ ಸಾಲುವುದಿಲ್ಲ. ಅಂಗಡಿಯವರು ಎರಡು ಪುಟ್ಟ ಆಂಪ್ಲಿಫೈಯರ್‌ಗಳನ್ನು ತೋರಿಸಿದ್ದಾರೆ. ಒಂದಕ್ಕೆ 12,000 ರೂಪಾಯಿ, ಇನ್ನೊಂದಕ್ಕೆ 38,000. ಎರಡನ್ನೂ ಮೂರು ದಿನ ಮನೆಯಲ್ಲಿಟ್ಟು ನೋಡಲು ಕೊಡುತ್ತಾರೆ. ಹಿಂದೊಮ್ಮೆ ಗೆಳೆಯರ ಆಂಪ್ ತಂದು ಜೋಡಿಸಿದಾಗ, ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದ ಕೂಡಲೇ ಗುಂಯ್ ಎಂಬ ಶಬ್ದ ಬರುತ್ತಿತ್ತು. ಈ ಎರಡನ್ನು ಹೇಗೆ ಪರೀಕ್ಷಿಸಲಿ? ಬೆಲೆ ಹೆಚ್ಚಿದಂತೆ ನಾದವೂ ಉತ್ತಮವಾಗುತ್ತದೆಯೇ? ಮಗನ ಇಯರ್‌ಫೋನ್‌ಗೂ ಅದೇ ಆಂಪ್ ಆದೀತೇ?

ಉತ್ತರ: ಪೆಟ್ಟಿಗೆ ಬಿಚ್ಚುವ ಮೊದಲು ಒಂದು ಹಾಳೆ ಮತ್ತು ಪೆನ್ನು ಹಿಡಿದು ಕಾಲು ಗಂಟೆ ಕುಳಿತುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ನಿಮ್ಮ ಹೆಡ್‌ಫೋನಿಗೆ ಎಷ್ಟು ವೋಲ್ಟ್ ಬೇಕು ಎಂದು ತಿಳಿಯದೆ ಆಂಪ್ ಕೇಳಲು ಕುಳಿತರೆ, ಕಿವಿಗೆ ಬಿದ್ದದ್ದೆಲ್ಲ ಗುಣದಂತೆಯೇ ತೋರುತ್ತದೆ.

ಎಚ್‌ಡಿ 650 ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಅದರ ಇಂಪೀಡೆನ್ಸ್, ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 300 ಓಮ್, ಮತ್ತು ಒಂದು ವೋಲ್ಟ್ ಕೊಟ್ಟಾಗ ಅದು 103 ಡೆಸಿಬೆಲ್ ದನಿ ಹೊರಡಿಸುತ್ತದೆ ಎಂದು ತಯಾರಕರು ಹೇಳುತ್ತಾರೆ. ರಾತ್ರಿಯ ಹೊತ್ತು ನೆಮ್ಮದಿಯಿಂದ ಕೇಳುವಾಗಿನ ಸರಾಸರಿ ಮಟ್ಟವನ್ನು 78 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಅದು 103ಕ್ಕಿಂತ 25 ಡೆಸಿಬೆಲ್ ಕಡಿಮೆ. ವೋಲ್ಟ್ ಲೆಕ್ಕದಲ್ಲಿ ಕೇವಲ 0.056, ಎಂದರೆ 56 ಮಿಲಿವೋಲ್ಟ್. ಇದನ್ನು ವಾಟ್‌ಗೆ ಬದಲಿಸಿದರೆ ಒಂದು ವಾಟ್‌ನ ಲಕ್ಷದಲ್ಲೊಂದು ಭಾಗವಷ್ಟೇ ಆಗುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವ ವಾಟ್‌ಗಳನ್ನು ನೋಡುವಾಗ ಈ ಸಂಖ್ಯೆ ನಿಮ್ಮ ಮನಸ್ಸಿನಲ್ಲಿರಲಿ.

ಸಂಗೀತ ಸರಾಸರಿಯಲ್ಲೇ ನಿಲ್ಲುವುದಿಲ್ಲ, ನಿಜ. ತಬಲಾದ ಗಟ್ಟಿ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೇರಬಹುದು; ಆಗ 0.56 ವೋಲ್ಟ್ ಬೇಕಾಗುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿ ಸುಮಾರು ಒಂದು ವೋಲ್ಟ್ ಕೊಟ್ಟರೂ ಇಷ್ಟನ್ನು ನಿಭಾಯಿಸುತ್ತದೆ. ಈಚಿನ ಧ್ವನಿಮುದ್ರಣಗಳು ನಿಮಗೆ ತೃಪ್ತಿ ಕೊಡುತ್ತಿರುವುದು ಇದೇ ಕಾರಣಕ್ಕೆ. ಟೇಪಿನಿಂದ ಇಳಿಸಿದ ಬೈಠಕ್‌ಗಳ ಕತೆ ಬೇರೆ. ಇಳಿಸಿದವರು ಎಲ್ಲಿಯೋ ಒಂದು ಚಪ್ಪಾಳೆ ಸಿಡಿದು ದನಿ ಒಡೆದೀತೆಂಬ ಎಚ್ಚರದಿಂದ ಮಟ್ಟವನ್ನು ತಗ್ಗಿಸಿಟ್ಟಿರುತ್ತಾರೆ. ಆದ್ದರಿಂದ ಗಾಯನದ ಸರಾಸರಿ ಮಟ್ಟ ಡಿಜಿಟಲ್ ಕಡತದ ಗರಿಷ್ಠ ಮಟ್ಟಕ್ಕಿಂತ 32 ಡೆಸಿಬೆಲ್‌ನಷ್ಟು ಕೆಳಗೆ ಇದ್ದರೆ ಆಶ್ಚರ್ಯವಿಲ್ಲ. ಹಾಗಿದ್ದಾಗ ವಾಲ್ಯೂಮ್ ಪೂರ್ತಿ ಏರಿಸಿ ಒಂದು ವೋಲ್ಟ್ ಪಡೆದರೂ ನಿಮಗೆ ಸಿಗುವುದು 103ರಲ್ಲಿ 32 ಕಳೆದು 71 ಡೆಸಿಬೆಲ್. ಬೇಕಾದದ್ದಕ್ಕಿಂತ 7 ಡೆಸಿಬೆಲ್ ಕೊರತೆ. ಅದನ್ನು ತುಂಬಲು 2.2 ಪಟ್ಟು ವೋಲ್ಟೇಜ್ ಸಾಕು. ಇನ್ನೂ ಕೃಶವಾದ ಟೇಪುಗಳಿಗೆಂದು ಸ್ವಲ್ಪ ಧಾರಾಳ ಸೇರಿಸಿ ನಾಲ್ಕು ವೋಲ್ಟ್ ಎಂದು ಹಿಡಿದರೂ 300 ಓಮ್‌ನಲ್ಲಿ ಅದು 53 ಮಿಲಿವಾಟ್ ಮಾತ್ರ. ಎಂದರೆ ನಿಮಗೆ ಆಂಪ್ ಬೇಕಿರುವುದು ದಿಟ. ಆದರೆ ಬಹಳ ಶಕ್ತಿಯುಳ್ಳದ್ದು ಬೇಕಿಲ್ಲ.

ಈಗ ಎರಡೂ ಪೆಟ್ಟಿಗೆಗಳ ಮೇಲಿನ ವಿವರಗಳನ್ನು ಓದಿ. ಅಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ವಾಟ್‌ಗಳನ್ನು ಯಾವ ಓಮ್‌ಗೆ ಹೇಳಿದ್ದಾರೆ ಎಂಬುದು. 32 ಓಮ್‌ಗೆ ಒಂದು ವಾಟ್ ಎಂದರೆ 5.66 ವೋಲ್ಟ್, ಅಷ್ಟೇ ವೋಲ್ಟೇಜು 300 ಓಮ್‌ಗೆ ಸುಮಾರು 107 ಮಿಲಿವಾಟ್ ಕೊಡುತ್ತದೆ, ನಿಮ್ಮ ಅಗತ್ಯದ ಎರಡು ಪಟ್ಟು. ಆದರೆ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಕೆಲವು ಸಾಧನಗಳು ಎರಡು ವೋಲ್ಟ್‌ಗೇ ನಿಲ್ಲುತ್ತವೆ. ಅವು 32 ಓಮ್‌ಗೆ 125 ಮಿಲಿವಾಟ್ ಎಂದು ಹೇಳಿಕೊಂಡರೂ ನಿಮ್ಮ ಹೆಡ್‌ಫೋನಿಗೆ ಕೊಡುವುದು 13 ಮಿಲಿವಾಟ್. ಆದ್ದರಿಂದ 300 ಓಮ್ ಎದುರಿನ ಅಂಕಿಯನ್ನೇ ಹುಡುಕಿ, ಅದು 50 ಮಿಲಿವಾಟ್‌ಗಿಂತ ಹೆಚ್ಚಿದ್ದರೆ ಆ ಲೆಕ್ಕವನ್ನು ಅಲ್ಲಿಗೆ ಮುಗಿಸಿ. ಎರಡನೆಯದು ಹೆಡ್‌ಫೋನಿನ ಸೂಕ್ಷ್ಮತೆಯ ಅಂಕಿ. ಕೆಲವರು ಅದನ್ನು ಒಂದು ವೋಲ್ಟ್‌ಗೆ ಹೇಳಿದರೆ, ಕೆಲವರು ಒಂದು ಮಿಲಿವಾಟ್‌ಗೆ ಹೇಳುತ್ತಾರೆ. 300 ಓಮ್‌ನಲ್ಲಿ ಇವೆರಡರ ನಡುವೆ 5 ಡೆಸಿಬೆಲ್ ಅಂತರವಿದ್ದರೆ 32 ಓಮ್‌ನಲ್ಲಿ 15 ಡೆಸಿಬೆಲ್ ಅಂತರವಿದೆ. ಇದನ್ನು ಗಮನಿಸದೆ ಎರಡು ಹೆಡ್‌ಫೋನ್‌ಗಳನ್ನು ಹೋಲಿಸಿದವರು ತಪ್ಪು ಆಂಪ್ ಕೊಂಡದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಮುಂದೆ ಎಂದಾದರೂ ಪ್ಲೇನಾರ್ ಮಾದರಿಯ (ಚಪ್ಪಟೆ ಪೊರೆ ಕಂಪಿಸಿ ನಾದ ಹೊರಡಿಸುವ) ಹೆಡ್‌ಫೋನ್ ಕೊಳ್ಳುವ ಯೋಚನೆ ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. 37 ಓಮ್, ಒಂದು ಮಿಲಿವಾಟ್‌ಗೆ 94 ಡೆಸಿಬೆಲ್ ಎಂದಿರುವ ಪ್ಲೇನಾರ್ ಒಂದನ್ನು 110 ಡೆಸಿಬೆಲ್‌ನ ಶಿಖರಕ್ಕೆ ಏರಿಸಲು 1.2 ವೋಲ್ಟ್ ಸಾಕಾದರೂ 33 ಮಿಲಿಆಂಪಿಯರ್ ಪ್ರವಾಹ ಬೇಕು. ಅದೇ ಶಿಖರಕ್ಕೆ ನಿಮ್ಮ ಎಚ್‌ಡಿ 650 ಬೇಡುವುದು 2.2 ವೋಲ್ಟ್ ಮತ್ತು ಏಳೂವರೆ ಮಿಲಿಆಂಪಿಯರ್. ಒಂದು ವೋಲ್ಟೇಜ್ ಕೇಳುತ್ತದೆ, ಇನ್ನೊಂದು ಪ್ರವಾಹ ಕೇಳುತ್ತದೆ.

ಇನ್ನು ಔಟ್‌ಪುಟ್ ಇಂಪೀಡೆನ್ಸ್, ಎಂದರೆ ಆಂಪ್‌ನ ಹೆಡ್‌ಫೋನ್ ಕಿಂಡಿಯದೇ ಒಳತಡೆ. ಇದನ್ನು ಬಹುತೇಕ ಪೆಟ್ಟಿಗೆಗಳ ಮೇಲೆ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಅಥವಾ ಹಾಕಿರುವುದೇ ಇಲ್ಲ. ಆದರೆ ನಾದದ ಬಣ್ಣವನ್ನು ನಿಜವಾಗಿ ಬದಲಿಸುವ ಗುಣ ಇದು. ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಗಳಲ್ಲೂ ಒಂದೇ ಆಗಿರುವುದಿಲ್ಲ. ಎಚ್‌ಡಿ 650ರಲ್ಲಿ ಮಂದ್ರದ 100 ಹರ್ಟ್ಜ್ ಆಸುಪಾಸಿನಲ್ಲಿ ಅದು 300 ಓಮ್‌ನಿಂದ ಸುಮಾರು 500 ಓಮ್‌ನವರೆಗೆ ಉಬ್ಬುತ್ತದೆ. 1996ರ ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನಕವು ಹೆಡ್‌ಫೋನ್ ಕಿಂಡಿಗೆ 120 ಓಮ್ ಇರಲಿ ಎಂದು ಹೇಳಿತ್ತು. ಅಂಥ ಕಿಂಡಿಗೆ ಜೋಡಿಸಿದರೆ ನಿಮ್ಮ ಹೆಡ್‌ಫೋನಿನ ಮಂದ್ರ ಉಳಿದ ಭಾಗಕ್ಕಿಂತ ಒಂದು ಡೆಸಿಬೆಲ್‌ನಷ್ಟು ಮೇಲೇಳುತ್ತದೆ. ಕೆಲವರಿಗೆ ಅದು ಹಿತವಾಗಿಯೇ ಕೇಳಿಸುತ್ತದೆ. ಆದರೆ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಧ್ವನಿ ಘಟಕಗಳು ಹಲವಿರುವ ಇಯರ್‌ಫೋನಿನಲ್ಲಿ ಇಂಪೀಡೆನ್ಸ್ 10ರಿಂದ 40 ಓಮ್‌ವರೆಗೆ ಏರಿಳಿಯುತ್ತದೆ ಎಂದುಕೊಳ್ಳಿ: 10 ಓಮ್‌ನ ಕಿಂಡಿ ಅದರ ನಾದವನ್ನು 4 ಡೆಸಿಬೆಲ್‌ನಷ್ಟು ತಿರುಚುತ್ತದೆ, ಒಂದು ಓಮ್‌ನ ಕಿಂಡಿಯಾದರೆ ಬರೀ 0.6. ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೆಯ ಒಂದು ಭಾಗಕ್ಕಿಂತ ಕಿಂಡಿಯದು ಕಡಿಮೆ ಇರಬೇಕೆಂಬ ರೂಢಿಯ ಸೂತ್ರ ಇಲ್ಲಿಂದ ಹುಟ್ಟಿದ್ದು. ನಿಮಗೆ 37 ಓಮ್‌ವರೆಗೂ ನಡೆಯುತ್ತದೆ. ಮಗನಿಗೆ ಒಂದು ಓಮ್‌ನ ಸುತ್ತಮುತ್ತ ಇರಬೇಕು.

ಲೆಕ್ಕ ಸಾಕು, ಈಗ ಕೇಳುವ ವಿಚಾರಕ್ಕೆ ಬರುತ್ತೇನೆ. ಮೊದಲ ರಾತ್ರಿ ಸಂಗೀತ ಹಾಕಬೇಡಿ. ಫ್ಯಾನ್ ಆರಿಸಿ, ಆಂಪ್ ಹೊತ್ತಿಸಿ, ಏನನ್ನೂ ನುಡಿಸದೆ ಹೆಡ್‌ಫೋನ್ ಧರಿಸಿ ವಾಲ್ಯೂಮ್ ಗುಂಡಿಯನ್ನು ಸೊನ್ನೆಯಿಂದ ನೀವು ಸಾಮಾನ್ಯವಾಗಿ ಕೇಳುವ ಮಟ್ಟದವರೆಗೆ ನಿಧಾನವಾಗಿ ತಿರುಗಿಸಿ. ಸುಯ್ ಎಂಬ ಉಸಿರಿನಂಥ ಶಬ್ದ, ಗುಂಯ್ ಎಂಬ ಶಬ್ದ, ಗುಂಡಿ ತಿರುಗಿಸುವಾಗಿನ ಕರಕರ, ಇವುಗಳಲ್ಲಿ ಯಾವುದೂ ಇರಬಾರದು. ಬಳಿಕ ಹಳೆಯ ಮೋನೋ ಧ್ವನಿಮುದ್ರಣ ಒಂದನ್ನು ಹಾಕಿ. ನಿಮ್ಮ ಊರಿನ ಗಂಗೂಬಾಯಿ ಹಾನಗಲ್ಲರದೋ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರದೋ ಹಳೆಯ ಗಾಯನ ನಿಮ್ಮ ಸಂಗ್ರಹದಲ್ಲಿ ಇದ್ದೇ ಇರುತ್ತದೆ. ಮೋನೋ ಆದ್ದರಿಂದ ತಂಬೂರಿ ಮತ್ತು ಗಾಯನ ಎರಡೂ ತಲೆಯ ನಟ್ಟನಡುವೆ ನಿಲ್ಲಬೇಕು. ಈಗ ಕಣ್ಣು ಮುಚ್ಚಿ ವಾಲ್ಯೂಮನ್ನು ಮೆಲ್ಲಗೆ ಇಳಿಸುತ್ತ ಬನ್ನಿ. ಗುಂಡಿಯೊಳಗೆ ಎಡ ಮತ್ತು ಬಲ ಕಿವಿಗೆಂದು ಇರುವ ಎರಡು ಪಟ್ಟಿಗಳು ಒಂದಕ್ಕೊಂದು ಸರಿಹೊಂದದಿದ್ದರೆ, ಕೆಳಗಿನ ಮಟ್ಟಕ್ಕೆ ಬರುತ್ತಿದ್ದಂತೆ ತಂಬೂರಿ ನಡುವಿನಿಂದ ಜಾರಿ ಒಂದು ಕಿವಿಯತ್ತ ಸರಿಯುತ್ತದೆ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಜೀವಾಳದ ಎಳೆ ಕೂತ ತಂಬೂರಿಯ ಬಿಡದ ಝೇಂಕಾರಕ್ಕಿಂತ ಒಳ್ಳೆಯ ಗುರುತು ನನಗೆ ಈವರೆಗೆ ಸಿಕ್ಕಿಲ್ಲ.

ಈ ದೋಷ ಅಗ್ಗದ ಆಂಪ್‌ನಲ್ಲೇ ಇರುತ್ತದೆಂದು ತಿಳಿಯಬೇಡಿ. ಇದು ಬಹಳ ಮಟ್ಟಿಗೆ ಗೈನ್ ಎಂಬ ವರ್ಧನೆಯ ಅಳತೆಗೆ ಸಂಬಂಧಿಸಿದ್ದು. ಎರಡು ವೋಲ್ಟ್ ಕೊಡುವ ಡ್ಯಾಕ್‌ನ (ಡಿಜಿಟಲ್ ಸಂಕೇತವನ್ನು ಆಂಪ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಸಾಧನ) ಮುಂದೆ ಆರು ಪಟ್ಟು ಗೈನ್ ಇರುವ ಆಂಪ್ ಇಟ್ಟರೆ, ನಿಮಗೆ ಬೇಕಾದ ದನಿ ಗುಂಡಿಯನ್ನು ಒಂದು ಕೂದಲೆಳೆ ತಿರುಗಿಸಿದಾಗಲೇ ಬಂದುಬಿಡುತ್ತದೆ, ಮತ್ತು ಗುಂಡಿಯ ಹೊಂದಾಣಿಕೆ ಅತ್ಯಂತ ಕೆಟ್ಟಿರುವುದು ಆ ಜಾಗದಲ್ಲೇ. ಲೋ ಗೈನ್ ಸ್ವಿಚ್ಚು ಇರುವ ಆಂಪ್ ಆರಿಸಿ. ಲೋ ಗೈನ್‌ನಲ್ಲಿ ಗುಂಡಿ ಗಡಿಯಾರದ ಹತ್ತರಿಂದ ಎರಡು ಗಂಟೆಯ ಜಾಗದ ನಡುವೆ ಬರುವಂತಿದ್ದರೆ ನಿಮ್ಮ ಹೊಂದಾಣಿಕೆ ಸರಿಯಾಗಿದೆ.

ಎರಡನೆಯ ರಾತ್ರಿ ಹೋಲಿಕೆ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ: ಎರಡೂ ಆಂಪ್‌ಗಳ ದನಿಯ ಮಟ್ಟವನ್ನು ಅಳೆದು ಸಮ ಮಾಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಮಟ್ಟ ಏರಿದಂತೆ ಮಂದ್ರ ಸ್ವರಗಳು ನಮ್ಮ ಕಿವಿಗೆ ಉಳಿದವುಗಳಿಗಿಂತ ಬೇಗ ತುಂಬಿಕೊಳ್ಳುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಹೀಗಾಗಿ ಅರ್ಧ ಡೆಸಿಬೆಲ್ ಹೆಚ್ಚಿರುವ ಆಂಪ್ ನಮಗೆ ಜೋರಾಗಿ ಕೇಳಿಸುವುದಿಲ್ಲ, ತುಂಬು ನಾದದ್ದಾಗಿ ಕೇಳಿಸುತ್ತದೆ. ಹಲವು ವರ್ಷಗಳ ಹಿಂದೆ ನಾನೇ ಒಂದು ಆಂಪ್ ಬಗ್ಗೆ ತಂಬೂರಿಯ ಎಳೆಗಳು ಇದರಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ಪುಟ ಬರೆದಿದ್ದೆ. ಮರುದಿನ ಅಳೆದಾಗ ಅದು ಇನ್ನೊಂದಕ್ಕಿಂತ 0.8 ಡೆಸಿಬೆಲ್ ಜೋರಾಗಿತ್ತು. ಸಮ ಮಾಡಿ ಮತ್ತೆ ಕೇಳಿದೆ, ಎಳೆಗಳು ಎರಡರಲ್ಲೂ ಒಂದೇ ಆಗಿದ್ದವು. ಆ ಪುಟಗಳನ್ನು ಹರಿಯದೆ ಇಟ್ಟುಕೊಂಡಿದ್ದೇನೆ.

ಅಳೆಯಲು ಎಲೆಕ್ಟ್ರಿಷಿಯನ್ ಬಳಸುವ ಸಾಧಾರಣ ಮಲ್ಟಿಮೀಟರ್ ಸಾಕು. ಲ್ಯಾಪ್‌ಟಾಪಿನಲ್ಲಿ 200 ಹರ್ಟ್ಜ್‌ನ ಶುದ್ಧ ಸ್ವರವೊಂದನ್ನು ನುಡಿಸಿ. ಅಗ್ಗದ ಮೀಟರುಗಳು ಅದಕ್ಕಿಂತ ಬಹಳ ಮೇಲಿನ ಸ್ವರಗಳಲ್ಲಿ ತಪ್ಪು ತೋರಿಸುತ್ತವೆ. ಹೆಡ್‌ಫೋನ್ ಕಿವಿಯಲ್ಲಿರದೆ ಮೇಜಿನ ಮೇಲಿರಲಿ. ಒಂದು ಕಿಂಡಿಯನ್ನು ಎರಡು ಮಾಡುವ ಸ್ಪ್ಲಿಟರ್ ತಂದು, ಒಂದರಲ್ಲಿ ಹೆಡ್‌ಫೋನ್ ಚುಚ್ಚಿ, ಇನ್ನೊಂದರಲ್ಲಿ ಖಾಲಿ ಪ್ಲಗ್ ಹಾಕಿ ಅದರ ತಂತಿಗಳ ಮೇಲೆ ಮೀಟರಿನ ಕಡ್ಡಿಗಳನ್ನು ಇಡಿ. ಎರಡು ಕಡ್ಡಿಗಳೂ ಒಂದಕ್ಕೊಂದು ತಗುಲದಂತೆ ನೋಡಿಕೊಳ್ಳಿ, ಏಕೆಂದರೆ ಔಟ್‌ಪುಟ್ ಶಾರ್ಟ್ ಆದರೆ ಕೆಲವು ಆಂಪ್‌ಗಳು ತಾಳಿಕೊಳ್ಳುವುದಿಲ್ಲ. ಮೊದಲ ಆಂಪ್‌ನಲ್ಲಿ 0.500 ವೋಲ್ಟ್ ಬರುವಂತೆ ಗುಂಡಿ ಇಟ್ಟು, ಎರಡನೆಯದರಲ್ಲಿ 0.494 ಮತ್ತು 0.506ರ ನಡುವೆ ತನ್ನಿ. ಆಗ ಅಂತರ ಒಂದು ಡೆಸಿಬೆಲ್‌ನ ಹತ್ತನೆಯ ಒಂದು ಭಾಗದೊಳಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಆಂಪ್‌ನ ಗುಂಡಿಗಳನ್ನು ಮುಟ್ಟದೆ, ದನಿ ಹೆಚ್ಚು ಕಡಿಮೆ ಮಾಡುವುದನ್ನು ಲ್ಯಾಪ್‌ಟಾಪಿನಲ್ಲೇ ಮಾಡಿ.

ಆಮೇಲೆ ಎರಡೂ ಆಂಪ್‌ಗಳ ಮೇಲೆ ಒಂದು ಟವೆಲ್ ಮುಚ್ಚಿ ಮಗನನ್ನು ಕೂರಿಸಿಕೊಳ್ಳಿ. ಅವನು ನಾಣ್ಯ ಚಿಮ್ಮಿ ತನಗೆ ಬಂದಂತೆ ಒಂದು ಆಂಪ್‌ಗೆ ಪ್ಲಗ್ ಚುಚ್ಚಲಿ, ಒಂದೇ ಆಲಾಪದ ಅರ್ಧ ನಿಮಿಷವನ್ನು ಕೇಳಿಸಲಿ, ನೀವು ಯಾವುದೆಂದು ಹೇಳಿ, ಅವನು ಬರೆದುಕೊಳ್ಳಲಿ. ಹದಿನಾರು ಸಲ ಹೀಗೆ ಮಾಡಿ. ಹನ್ನೆರಡು ಅಥವಾ ಹೆಚ್ಚು ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟದಿಂದ ಆಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಆಗ ನೀವು ಕೇಳಿದ ವ್ಯತ್ಯಾಸ ನಿಜವೆಂದು ನಂಬಿ ಯಾವುದು ಮೆಚ್ಚುಗೆಯಾಯಿತೋ ಅದನ್ನು ಧೈರ್ಯವಾಗಿ ಕೊಳ್ಳಬಹುದು. ಎಂಟೊಂಬತ್ತರಲ್ಲೇ ನಿಂತರೆ 26,000 ರೂಪಾಯಿಯ ಅಂತರಕ್ಕೆ ನಿಮ್ಮ ಕಿವಿ ಸಾಕ್ಷಿ ಹೇಳಲಿಲ್ಲ ಎಂದೇ ಅರ್ಥ.

ಬೆಲೆಯ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. 2011ರಲ್ಲಿ ನ್ವ್ಯಾವ್‌ಗೈ ಎಂಬ ಗುಪ್ತನಾಮದ ಎಂಜಿನಿಯರ್ ಒಬ್ಬರು ಓ2 ಎಂಬ ಆಂಪ್ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಎರಡು 9 ವೋಲ್ಟ್ ಬ್ಯಾಟರಿ, ಎನ್‌ಜೆಎಂ 4556 ಎಂಬ ಸುಲಭ ಬೆಲೆಯ ಚಿಪ್ಪು, ಅರ್ಧ ಓಮ್ ಆಸುಪಾಸಿನ ಔಟ್‌ಪುಟ್ ಇಂಪೀಡೆನ್ಸ್, ಮತ್ತು ಪ್ರತಿ ಆಯ್ಕೆಯ ಹಿಂದೆಯೂ ಒಂದು ಅಳತೆ. ದುಬಾರಿ ಬಿಡಿಭಾಗವಿಲ್ಲದೆ, ವಿಚಾರ ಮಾಡಿ ಜೋಡಿಸಿದರೆ ಕಿವಿಗೆ ನಿಲುಕದಷ್ಟು ಶುದ್ಧವಾದ ಆಂಪ್ ಮಾಡಬಹುದೆಂದು ಆ ಪುಟ್ಟ ಪೆಟ್ಟಿಗೆ ತೋರಿಸಿತು. ಅದರ ನಂತರದ ವರ್ಷಗಳಲ್ಲಿ ವಿರೂಪ 0.001 ಶೇಕಡಕ್ಕಿಂತ ಕಡಿಮೆ ಇರುವ ಆಂಪ್‌ಗಳು ಸಾಮಾನ್ಯ ಬೆಲೆಗೇ ಸಿಗತೊಡಗಿವೆ. 0.001 ಎಂದರೆ ಸಂಗೀತಕ್ಕಿಂತ 100 ಡೆಸಿಬೆಲ್ ಕೆಳಗೆ. 78 ಡೆಸಿಬೆಲ್‌ನಲ್ಲಿ ಕೇಳುವ ನಿಮಗೆ ಅದಕ್ಕಿಂತ ಶುದ್ಧವಾದದ್ದು ಬೇರೆ ಕೇಳಿಸಲಾರದು. ದುಬಾರಿಯಾದದ್ದರಲ್ಲಿ ಗಟ್ಟಿಯಾದ ಗುಂಡಿ, ರಿಮೋಟ್, ಒಳಗೇ ಇರುವ ಡ್ಯಾಕ್, ದೀರ್ಘ ಖಾತರಿ ಇದ್ದರೆ ಅವುಗಳಿಗೆ ಹಣ ಕೊಡುವುದು ತಪ್ಪಲ್ಲ. ಬ್ಯಾಲೆನ್ಸ್ಡ್ ಕಿಂಡಿ (ಪ್ರತಿ ಕಿವಿಗೂ ಎರಡು ವರ್ಧಕಗಳನ್ನು ಬಳಸುವ ಜೋಡಣೆ) ಇದೆ ಎಂಬ ಕಾರಣಕ್ಕೆ ಮಾತ್ರ ಕೊಡಬೇಡಿ; ಅದು ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ, ಜೊತೆಗೆ ಔಟ್‌ಪುಟ್ ಇಂಪೀಡೆನ್ಸನ್ನೂ ಹೆಚ್ಚಿಸುತ್ತದೆ, ಮತ್ತು ನಿಮಗೆ ವೋಲ್ಟೇಜ್ ಆಗಲೇ ಸಾಕಷ್ಟಿದೆ.

ಗುಂಯ್ ಶಬ್ದದ ವಿಚಾರವನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ನೀವು ಹೇಳಿದ ಲಕ್ಷಣದಲ್ಲಿ ದೋಷ ಗೆಳೆಯರ ಆಂಪ್‌ನದಾಗಿರದೆ ಜೋಡಣೆಯದಾಗಿರುವ ಸಾಧ್ಯತೆಯೇ ಹೆಚ್ಚು. ಲ್ಯಾಪ್‌ಟಾಪಿನ ಚಾರ್ಜರ್ ಮತ್ತು ಆಂಪ್ ಎರಡೂ ಗೋಡೆಯ ವಿದ್ಯುತ್ತಿಗೆ ಸೇರಿದಾಗ, ಅವೆರಡರ ನಡುವಿನ ಆಡಿಯೋ ತಂತಿಯ ನೆಲದ ಎಳೆಯಲ್ಲೇ ಅನಗತ್ಯ ಪ್ರವಾಹ ಹರಿಯತೊಡಗುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಶಬ್ದ ನಿಲ್ಲುವುದು ಇದರ ಗುರುತು. ಮೊದಲು ಎರಡನ್ನೂ ಒಂದೇ ಪಟ್ಟಿಯ ಅಕ್ಕಪಕ್ಕದ ಸಾಕೆಟ್‌ಗಳಿಗೆ ಹಾಕಿ. ಕೆಲವು ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ಅರ್ಥಿಂಗ್ ತಂತಿ ಇರುವುದಿಲ್ಲ. ಒಬ್ಬ ಎಲೆಕ್ಟ್ರಿಷಿಯನ್ ಕರೆದು ಅದನ್ನು ನೋಡಿಸಿ. ಶಬ್ದ ಹೋಗಲೆಂದು ಅರ್ಥಿಂಗ್ ಪಿನ್ ಮುರಿಯುವ ಅಥವಾ ಟೇಪ್ ಸುತ್ತುವ ಕೆಲಸಕ್ಕೆ ಮಾತ್ರ ಯಾರ ಮಾತು ಕೇಳಿಯೂ ಕೈಹಾಕಬೇಡಿ. ಆಪ್ಟಿಕಲ್ ಕಿಂಡಿ ಇರುವ ಆಂಪ್ ಆದರೆ, ಬೆಳಕಿನ ತಂತಿಯಲ್ಲಿ ವಿದ್ಯುತ್ ಹರಿಯುವುದೇ ಇಲ್ಲವಾದ್ದರಿಂದ ಈ ತೊಂದರೆ ಬುಡಸಹಿತ ಹೋಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೇನ್ ಸ್ವಿಚ್ಚು ಆರಿಸಿ ಅದರಲ್ಲೂ ಒಮ್ಮೆ ಕೇಳಿ. ಸ್ಕ್ವೇರ್ ವೇವ್ ಇನ್ವರ್ಟರ್ ನಡೆಯುವಾಗ ಫ್ಯಾನಿನಿಂದ ಬರುವ ಗೊರಗೊರ ನಿಮಗೆ ಪರಿಚಿತವಿರಬಹುದು. 50 ಹರ್ಟ್ಜ್‌ನ ಜೊತೆ 150, 250, 350 ಹರ್ಟ್ಜ್‌ಗಳೂ ಸೇರಿ ಬರುವ ಆ ವಿದ್ಯುತ್ತು, ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ನೊಳಗೂ ಅದೇ ಗೊರಗೊರವನ್ನು ಎಬ್ಬಿಸುತ್ತದೆ. ಇದೇ ಹೊತ್ತಿನಲ್ಲಿ ಇನ್ನೊಂದನ್ನೂ ಪರೀಕ್ಷಿಸಿ: ಹಳೆಯ, ಹೋದರೂ ಬೇಸರವಿಲ್ಲದ ಹೆಡ್‌ಫೋನ್ ಒಂದನ್ನು ಆಂಪ್‌ಗೆ ಚುಚ್ಚಿ ಮೇಜಿನ ಮೇಲಿಟ್ಟು, ವಿದ್ಯುತ್ ಹೋಗಿ ಬರುವಂತೆ ಮಾಡಿ. ಆಗ ಧಡ್ ಎಂಬ ಪೆಟ್ಟು ಜೋರಾಗಿ ಕೇಳಿದರೆ ಆ ಆಂಪ್‌ನಲ್ಲಿ ಔಟ್‌ಪುಟ್ಟನ್ನು ತಡೆದು ನಿಲ್ಲಿಸುವ ರಿಲೇ ಇಲ್ಲವೆಂದೇ ತಿಳಿಯಿರಿ. ಒಮ್ಮೆ ನನ್ನ ಮೇಜಿನ ಮೇಲಿದ್ದ ಆಂಪ್ ಒಂದು, ಕರೆಂಟು ಹೋಗಿ ಬಂದ ಗಳಿಗೆಯಲ್ಲಿ ಹೆಡ್‌ಫೋನಿನ ಎಡ ಕಿವಿಯನ್ನು ಶಾಶ್ವತವಾಗಿ ಕೆಡಿಸಿತು. ಕರೆಂಟು ಕೈಕೊಡುವ ಊರುಗಳಲ್ಲಿ ಈ ರಿಲೇಯನ್ನು ನಾನು ಬಹಳ ಮುಖ್ಯವೆಂದು ಭಾವಿಸುವುದು ಅಂದಿನಿಂದ. ಮೀಟರ್ ಹೇಗೂ ಕೈಯಲ್ಲಿದೆ, ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ ಔಟ್‌ಪುಟ್ ನೋಡಿ: ಸಂಗೀತವಿಲ್ಲದಾಗ ಕೆಲವೇ ಮಿಲಿವೋಲ್ಟ್ ಇರಬೇಕು. ಐವತ್ತು ದಾಟಿದ್ದರೆ ಅದನ್ನು ಅಂಗಡಿಗೆ ಹಿಂದಿರುಗಿಸಿ.

ಮಗನ ಇಯರ್‌ಫೋನ್ ಬಗ್ಗೆ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. 16 ಓಮ್, ಒಂದು ಮಿಲಿವಾಟ್‌ಗೆ 110 ಡೆಸಿಬೆಲ್ ಎಂದಿರುವ ಸಾಧಾರಣ ಇಯರ್‌ಫೋನನ್ನೇ ತೆಗೆದುಕೊಳ್ಳಿ; ಒಂದು ವೋಲ್ಟ್‌ಗೆ ಅದು 128 ಡೆಸಿಬೆಲ್ ಆಗುತ್ತದೆ. ಹತ್ತು ಮೈಕ್ರೋವೋಲ್ಟ್ ಗದ್ದಲವಿರುವ ಆಂಪ್ ನಿಮ್ಮ ಎಚ್‌ಡಿ 650ರಲ್ಲಿ 3 ಡೆಸಿಬೆಲ್ ಮಾತ್ರ ಹೊರಡಿಸಿ ಪೂರ್ಣ ಮೌನವಾಗಿರುವಂತೆ ತೋರಿದರೆ, ಅವನ ಕಿವಿಯಲ್ಲಿ 28 ಡೆಸಿಬೆಲ್‌ನ ಸುಯ್ ಶಬ್ದವಾಗಿ ರಾತ್ರಿಯ ಹೊತ್ತು ಸ್ಪಷ್ಟವಾಗಿ ಕೇಳಿಸುತ್ತದೆ. ಎರಡು ಮೈಕ್ರೋವೋಲ್ಟ್‌ನ ಆಂಪ್ ಆದರೆ ಅವನಿಗೂ ನಡೆಯುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ದನಿಯದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಹೆಚ್ಚಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಳೆಯ ಬೈಠಕ್‌ಗೆಂದು ನೀವು 2.2 ವೋಲ್ಟ್‌ನ ಜಾಗಕ್ಕೆ ತಿರುಗಿಸಿಟ್ಟ ಗುಂಡಿ, ಪೂರ್ಣ ಮಟ್ಟದ ಹೊಸ ಹಾಡಿನಲ್ಲಿ ಅವನ ಇಯರ್‌ಫೋನಿಗೆ ಲೆಕ್ಕದ ಪ್ರಕಾರ 135 ಡೆಸಿಬೆಲ್ ಕೊಡಬಲ್ಲದು, ಮತ್ತು ಅದಕ್ಕೆ ಒಂದು ಕ್ಷಣ ಸಾಕು. ಅವನ ಫೋನಿಗೆ ಒಂದು ಒಳ್ಳೆಯ ಯುಎಸ್‌ಬಿ ಡಾಂಗಲ್ (ಫೋನಿಗೆ ಚುಚ್ಚುವ ಪುಟ್ಟ ಡ್ಯಾಕ್ ಮತ್ತು ಆಂಪ್) ಬೇರೆಯಾಗಿ ಕೊಡಿಸಿ; ಈ ಆಂಪ್‌ಗೇ ಜೋಡಿಸಬೇಕಾಗಿ ಬಂದರೆ ಗೈನ್ ಲೋ ಮಾಡಿ, ಗುಂಡಿಯನ್ನು ಸೊನ್ನೆಗೆ ಇಳಿಸಿ, ಹಾಡು ಶುರುವಾದ ಮೇಲೆ ಇಯರ್‌ಫೋನನ್ನು ಕಿವಿಗೆ ಇಟ್ಟುಕೊಳ್ಳಲು ಹೇಳಿ.